ಮುಖ ಮುಟ್ಟದ ಹಸನಸಾಬ

ಶಿಗ್ಗಾಂವಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಅಂಗಡಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಒಂದು ನನ್ನದು, ಸುಧಾರಾಣಿ ಲೇಡೀಸ್ ಟೈಲರ್ಸ್. ಇನ್ನೊಂದು ಹಸನಸಾಬನ ಫ್ಲೆಕ್ಸ್ ಡಿಸೈನ್ ಅಂಗಡಿ. ನಡುವೆ ಇರುವುದು ತಗಡಿನ ಗೋಡೆ. ಅವನು ಕೆಮ್ಮಿದರೆ ನನ್ನ ಹೊಲಿಗೆ ತಪ್ಪುತ್ತದೆ, ನಾನು ಗಿರಾಕಿಗೆ ಬೈದರೆ ಅವನ ಕೈಯಲ್ಲಿನ ಮೌಸು ಬೆಚ್ಚುತ್ತದೆ. ಹೀಗೆ ಇಬ್ಬರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತ ಚೆನ್ನಾಗಿಯೇ ಇದ್ದೇವೆ.

ವಯಸ್ಸಿನಲ್ಲಿ ಅವನು ನನಗಿಂತ ಹಿರಿಯ. ಆದರೂ ನಾನು ಅವನಿಗೆ ಬಹುವಚನ ಕೊಡುವುದಿಲ್ಲ. ನನ್ನ ಅಂಗಡಿಯ ಬೋರ್ಡು ಬರೆದ ದಿನವೇ ಅವನು ಅದನ್ನು ಕಳೆದುಕೊಂಡ. ಬೋರ್ಡು ಮೇಲೇರಿದ ಮೇಲೆ ನೋಡುತ್ತೇನೆ, ‘ಶ್ರೀಮತಿ ಸುಧಾರಾಣಿ’ ಅಂತಿದೆ. ನನಗೆ ಮದುವೆಯೇ ಆಗಿಲ್ಲ. ಕೇಳಿದರೆ, “ಎಡಗಡೆ ಜಾಗ ಖಾಲಿ ಉಳದಿತ್ತು ಸುಧಕ್ಕ, ಬೋಳ ಕಾಣಾಕತ್ತಿತ್ತು” ಅಂದ. ಆ ‘ಶ್ರೀಮತಿ’ ಇನ್ನೂ ಅಲ್ಲೇ ಇದೆ. ಹೊಸ ಗಿರಾಕಿಗಳು ಯಜಮಾನರು ಏನು ಮಾಡುತ್ತಾರೆ ಎಂದು ಕೇಳುತ್ತಾರೆ, ನಾನು ದುಬೈಯಲ್ಲಿದ್ದಾರೆ ಅನ್ನುತ್ತೇನೆ.

ಇದು ಹಸನಸಾಬನ ಜಾತಕ. ಇದ್ದದ್ದನ್ನು ಇದ್ದ ಹಾಗೆ ಬಿಡುವುದು ಅವನಿಗೆ ಆಗದು. ಹುಟ್ಟಿದ್ದು ಸವಣೂರಿನಲ್ಲಿ. ಹರೆಯದಲ್ಲಿ ಪೇಂಟರ್. ಬಂಕಾಪುರದಿಂದ ಹಿರೇಕೆರೂರಿನವರೆಗೆ ಸಿಮೆಂಟು, ಗೊಬ್ಬರ, ಬನಿಯನ್, ಯಾವುದರ ಜಾಹೀರಾತಿಗೂ ಗೋಡೆ ಸಿಕ್ಕರೆ ಸಾಕು, ಏಣಿ ಹಾಕಿ ಏರುತ್ತಿದ್ದ. ಬನಿಯನ್ ತೊಟ್ಟ ಗಂಡಸಿನ ಚಿತ್ರ ಬರೆದರೆ ಅವನಿಗೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಎದೆ ಬರುತ್ತಿತ್ತು. ಆಮೇಲೆ ಫ್ಲೆಕ್ಸ್ ಬಂತು, ಕುಂಚ ಮೂಲೆ ಸೇರಿತು. ಉಳಿದ ಪೇಂಟರುಗಳು ಅದಕ್ಕೆ ಶಾಪ ಹಾಕುತ್ತ ಕೂತರೆ ಇವನು ಕಂಪ್ಯೂಟರಿನ ಮುಂದೆ ಕೂತು ಅದಕ್ಕೇ ಶಾಪ ಹಾಕುತ್ತ ಕಲಿತ. ಕಲಿತದ್ದು ಬಹಳವೇನಲ್ಲ. ಆದರೆ ಕಲಿತ ಒಂದು ವಿದ್ಯೆಯಿಂದ ಸುತ್ತಲಿನ ನಾಲ್ಕು ತಾಲೂಕುಗಳ ಜನರ ರೂಪವನ್ನೇ ಬದಲಿಸಿಬಿಟ್ಟ.

ಆ ವಿದ್ಯೆ ಏನೆಂದರೆ, ಫೋಟೋದಲ್ಲಿರುವ ಮನುಷ್ಯನನ್ನು ಹಿಂದಿನ ಗೋಡೆಯಿಂದಲೋ ಎಮ್ಮೆಯಿಂದಲೋ ಬಿಡಿಸಬೇಕಾದರೆ ಮೊದಲು ಅವನ ಸುತ್ತ ಒಂದು ಗೆರೆ ಎಳೆಯಬೇಕು. ಕಂಪ್ಯೂಟರಿನಲ್ಲಿ ಆ ಗೆರೆ ಸುಮ್ಮನೆ ನಿಲ್ಲುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ಇರುವೆ ಸಾಲಿನ ಹಾಗೆ ಹರಿಯುತ್ತಲೇ ಇರುತ್ತದೆ. ಅದಕ್ಕೆ ಸೆಲೆಕ್ಷನ್ ಎನ್ನುತ್ತಾರೆ. ಗೆರೆಯ ಒಳಗಿದ್ದದ್ದು ಉಳಿಯುತ್ತದೆ, ಹೊರಗಿದ್ದದ್ದು ಹೋಗುತ್ತದೆ. ಬೇರೆಯವರು ಅಷ್ಟಕ್ಕೇ ಕೈ ಬಿಡುತ್ತಾರೆ. ಹಸನಸಾಬ ಬಿಡುವುದಿಲ್ಲ. ಆ ಗೆರೆಗೊಂದು ಚೌಕಟ್ಟು ಬರಿಸಿ, ಒಂದು ಗುಂಡಿ ಒತ್ತಿ ಹಿಡಿದು, ಚೌಕಟ್ಟಿನ ಮೂಲೆಯನ್ನು ಜಗ್ಗುತ್ತಾನೆ. ಆಗ ಗೆರೆ ಮಾತ್ರ ಸೊಟ್ಟಗಾಗುತ್ತದೆ, ಅದರ ಕೆಳಗಿನ ಚಿತ್ರ ಇದ್ದಲ್ಲೇ ಇರುತ್ತದೆ. ಬಲಗಡೆಯ ಮೂಲೆಯನ್ನು ಒಳಗೆ ಜಗ್ಗಿದರೆ ಒಂದು ಕಿವಿ ಹೊರಗುಳಿಯಿತು. ಕೆಳಗಿನ ಮೂಲೆಯನ್ನು ಮೇಲೆ ಜಗ್ಗಿದರೆ ಜೋಲು ಗದ್ದ ಹೋಯಿತು. ಹೊಟ್ಟೆಯ ಕಡೆ ಸ್ವಲ್ಪ ಒಳಗೆ ತಳ್ಳಿದರೆ ಎಂಥ ಗುತ್ತಿಗೆದಾರನೂ ಪೈಲ್ವಾನನಾದ.

“ದೇವರು ಕೊಟ್ಟ ಮುಖ ನಾ ಮುಟ್ಟೂದಿಲ್ಲ ಸುಧಕ್ಕ. ಗೆರಿ ಅಷ್ಟ ಜಗ್ಗತೇನಿ” ಎಂದು ಅವನು ಎದೆಯ ಮೇಲೆ ಕೈಯಿಟ್ಟು ಹೇಳುತ್ತಾನೆ. ನಾನು ಬಟ್ಟೆ ಕತ್ತರಿಸಿ ಬದುಕುವವಳು. ಕತ್ತರಿಯನ್ನು ಬಟ್ಟೆಗೆ ತಾಗಿಸಿಲ್ಲ, ಚಾಕ್‌ಪೀಸಿನ ಗೆರೆಗೆ ಮಾತ್ರ ತಾಗಿಸಿದ್ದೇನೆ ಎಂದು ನಾನು ಹೇಳಿದರೆ ಗಿರಾಕಿ ಸುಮ್ಮನೆ ಬಿಡುತ್ತಾಳೆಯೇ? ಆದರೆ ಇವನಿಗೆ ಯಾರೂ ಏನೂ ಅನ್ನುವುದಿಲ್ಲ. ಯಾಕೆಂದರೆ ಕಿವಿ ಕಳೆದುಕೊಂಡವರೆಲ್ಲ ಖುಷಿಯಾಗಿದ್ದಾರೆ.

ನಮ್ಮ ಕಡೆ ಬ್ಯಾನರಿನ ಚಟ ನಿಮಗೆ ಗೊತ್ತಿರಬಹುದು. ಒಬ್ಬನ ಹುಟ್ಟುಹಬ್ಬಕ್ಕೆ ಅವನ ಒಂದು ದೊಡ್ಡ ಚಿತ್ರ, ಕೆಳಗೆ ‘ಶುಭ ಕೋರುವವರು’ ಎಂದು ಹಪ್ಪಳ ಒಣಗಲು ಹಾಕಿದ ಹಾಗೆ ದುಂಡು ದುಂಡು ಮುಖಗಳು. ತನ್ನ ಮುಖ ಯಾರ ಪಕ್ಕ ಬಂತು, ಯಾರಿಗಿಂತ ಸಣ್ಣದಾಯಿತು ಎಂಬುದರ ಮೇಲೆ ಸಂಬಂಧಗಳು ಮುರಿದಿವೆ. ಹಾನಗಲ್ಲಿನ ಪ್ರಶಾಂತ, ಹಿರೇಕೆರೂರಿನ ಇನ್ಯಾರೋ, ಎಲ್ಲ ಊರುಗಳ ಫ್ಲೆಕ್ಸ್ ಅಂಗಡಿಯವರೂ ಮುಖಗಳನ್ನು ಕತ್ತರಿಸುವುದಕ್ಕೆ ಇವನ ಮೊಬೈಲಿಗೇ ಕಳಿಸುತ್ತಾರೆ. ಆಡೂರಿನ ಕ್ರಾಸಿನಿಂದ ದುಂಡಸಿಯ ಬಸ್ ಸ್ಟಾಪಿನವರೆಗೆ ಎಲ್ಲಿ ನೋಡಿದರೂ ಕಿವಿಯಿಲ್ಲದ, ಗದ್ದ ಚೂಪಾದ ಗಂಡಸರು ಕೈ ಮುಗಿದು ನಿಂತಿರುತ್ತಾರೆ. ಅರ್ಧ ಮಂದಿಯ ಹಿಂದೆ ಬಂಕಾಪುರದ ನವಿಲುಧಾಮದ ನವಿಲು ಗರಿ ಬಿಚ್ಚಿರುತ್ತದೆ. ನವಿಲಿನ ಗೆರೆಯನ್ನು ಮಾತ್ರ ಅವನು ಜಗ್ಗಿದ್ದಿಲ್ಲ.

ಒಮ್ಮೆ ಮಾತ್ರ ಎಡವಟ್ಟಾಯಿತು. ಸಾಫ್ಟ್‌ವೇರ್ ತಾನಾಗಿಯೇ ಹೊಸದಾಗಿ, ಗುಂಡಿಗಳೆಲ್ಲ ಜಾಗ ಬದಲಿಸಿಕೊಂಡಿದ್ದವು. ದುಂಡಸಿಯ ಮಲ್ಲೇಶಪ್ಪನವರ ಬ್ಯಾನರು. ಹಸನಸಾಬ ಗೆರೆ ಜಗ್ಗುತ್ತಿದ್ದೇನೆ ಎಂದುಕೊಂಡು ಚಿತ್ರವನ್ನೇ ಜಗ್ಗಿಬಿಟ್ಟ. ಮಲ್ಲೇಶಪ್ಪನವರ ಮುಖ ಒಂದು ಕಡೆ ವಾಲಿ, ಒಂದು ಕಣ್ಣು ಮೇಲೇರಿ, ಬಾಯಿ ಕಿವಿಯ ಕಡೆ ಹೊರಟಿತ್ತು. ಇವನು ಅಂಚನ್ನಷ್ಟೇ ನೋಡುವವನು, ನಡುವೆ ಇರುವ ಮುಖ ಇವನ ಕಣ್ಣಿಗೆ ಬೀಳುವುದೇ ಇಲ್ಲ. ಪ್ರಿಂಟಿಗೆ ಕಳಿಸಿಬಿಟ್ಟ. ಬ್ಯಾನರು ದುಂಡಸಿಯಲ್ಲಿ ವಾರ ಪೂರ್ತಿ ನೇತಾಡಿತು, ಜನ ಹಾರ ಹಾಕಿದರು, ಕೆಳಗೆ ನಿಂತು ಸೆಲ್ಫಿ ತೆಗೆಸಿಕೊಂಡರು. ಕೊನೆಗೆ ಮಲ್ಲೇಶಪ್ಪನವರ ಹೆಂಡತಿ ಮಾತ್ರ ನೋಡಿ, “ಈ ಸಲ ಖರೇ ಮುಖ ಬಂದೈತಿ ನೋಡ್ರಿ” ಅಂದರಂತೆ. ಅದನ್ನು ಕೇಳಿದ ಹಸನಸಾಬ ಎರಡು ದಿನ ಊಟ ಬಿಟ್ಟ. ನಾನು ಆ ಎರಡೂ ದಿನ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡೆ.

ಇಷ್ಟೇ ಆಗಿದ್ದರೆ ಅವನ ಕಥೆ ನಗೆಯಲ್ಲೇ ಮುಗಿಯುತ್ತಿತ್ತು. ಆದರೆ ಅವನಿಗೊಬ್ಬಳು ಮಗಳಿದ್ದಾಳೆ, ಮದಿಹಾ. ಬಿ.ಕಾಂ. ಮುಗಿಸಿ ನನ್ನ ಅಂಗಡಿಯಲ್ಲೇ ಕಸೂತಿ ಮಾಡುತ್ತಾಳೆ. ನಾಲಿಗೆಯಲ್ಲಿ ನನ್ನ ಶಿಷ್ಯೆ. ಅವಳ ಎಡ ಹೆಗಲು ಬಲ ಹೆಗಲಿಗಿಂತ ಕೆಳಗಿದೆ. ಸಣ್ಣವಳಿದ್ದಾಗ ಅಪ್ಪನ ಏಣಿಯಿಂದ ಬಿದ್ದಳು. ಬಂಕಾಪುರದ ರಸ್ತೆಯಲ್ಲಿ ಒಂದು ಗೋಡೆ ಬರೆಯುತ್ತಿದ್ದ ಹಸನಸಾಬ ಚಹಾ ಕುಡಿಯಲು ಇಳಿದಿದ್ದ, ಹುಡುಗಿ ಏರಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ನಾನು ಅವಳ ಕುರ್ತಾ ಕತ್ತರಿಸುವಾಗ ಎಡಗಡೆಯ ಹೆಗಲನ್ನು ಅಷ್ಟೇ ಇಳಿಸಿ ಕತ್ತರಿಸುತ್ತೇನೆ, ಬಟ್ಟೆ ಮೈಮೇಲೆ ಚೆನ್ನಾಗಿ ಕೂರುತ್ತದೆ. ಅವಳಿಗೂ ಅದರ ಬಗ್ಗೆ ತಕರಾರಿಲ್ಲ, ನನಗೂ ಇಲ್ಲ.

ತಕರಾರೆಲ್ಲ ಅವಳಪ್ಪನದು. ಶಾಲೆಯ ಗುರುತಿನ ಚೀಟಿಯಿಂದ ಹಿಡಿದು ಯಾವ ಫೋಟೋ ಆದರೂ ಮೊದಲು ಅವನ ಕಂಪ್ಯೂಟರಿಗೆ ಹೋಗಬೇಕು. ಅವಳ ಸುತ್ತ ಗೆರೆ ಎಳೆದು, ಮೂಲೆ ಜಗ್ಗಿ, ಹೆಗಲುಗಳನ್ನು ಸಮ ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ ಕೊಡುತ್ತಾನೆ. ಹೆಣ್ಣು ಕೇಳುವವರಿಗೂ ಅದೇ ಫೋಟೋ. ಎರಡು ಮನೆಯವರು ಫೋಟೋ ಮೆಚ್ಚಿ ಬಂದರು, ಹುಡುಗಿಯನ್ನು ನೋಡಿದರು, ಚಹಾ ಕುಡಿದು ಎದ್ದು ಹೋದರು. ಎರಡನೆಯವರಂತೂ ಬಾಗಿಲಲ್ಲೇ ಆ ಫೋಟೋ ಹೊರಗೆ ತೆಗೆದು ಹೋಲಿಸಿ ನೋಡಿದರು. ಆವತ್ತು ಮದಿಹಾ ನನ್ನ ಅಂಗಡಿಗೆ ಬಂದು ಮಷಿನ್ ಮುಂದೆ ಕೂತಳು, ದಾರ ಪೋಣಿಸಲಿಲ್ಲ, ಸುಮ್ಮನೆ ಪೆಡಲ್ ತುಳಿಯುತ್ತಿದ್ದಳು.

ಮೂರನೆಯದು ಹಾನಗಲ್ಲಿನಿಂದ ಬಂತು. ಹುಡುಗನ ಹೆಸರು ಜಾಕೀರ, ಮಾವಿನ ಕಾಯಿಯ ವ್ಯಾಪಾರ. ಹೆಣ್ಣು ನೋಡುವುದಕ್ಕೆ ಮೊದಲೇ ಎರಡೂ ಮನೆಯವರು ಒಪ್ಪಿ ಮಕ್ಕಳನ್ನು ಫೋನಿನಲ್ಲಿ ಮಾತಾಡಲು ಬಿಟ್ಟಿದ್ದರು. ಮದಿಹಾ ತಗಡಿನ ಗೋಡೆಗೆ ಒರಗಿ ಮಾತಾಡುತ್ತಿದ್ದಳು. ಮಾವಿನ ಕಾಯಿ ಹಣ್ಣಾಗುವ ವಿಷಯದಲ್ಲಿ ಅಷ್ಟು ನಗುವಂಥದ್ದು ಏನಿರುತ್ತದೋ ನನಗೆ ಗೊತ್ತಿಲ್ಲ, ಇವಳು ಮಾತ್ರ ನಗುತ್ತಿದ್ದಳು. ಹುಡುಗ ಅವಳಿಗೆ ಹಿಡಿಸಿದ್ದ. ಅದಕ್ಕೇ ಅವಳಿಗೆ ಹೆದರಿಕೆ.

“ಇದ ಕಡೇದು ಆಂಟಿ” ಅಂದಳು ನನಗೆ. “ಇವ್ರೂ ಫೋಟೋ ನೋಡಿ ಬಂದು ಹೆಗಲ ನೋಡಿ ಹೋದ್ರಂದ್ರ, ಇನ್ನ ಯಾರ ಮುಂದೂ ನಾ ಕುಂದ್ರೂದಿಲ್ಲ. ಅಬ್ಬಾಗೂ ಹೇಳೇನಿ, ಈ ಸಲ ಫೋಟೋ ಹೆಂಗೈತಿ ಹಂಗ ಕಳಸು ಅಂತ.”

ಅಬ್ಬಾ “ಆತು ಬೇಟಿ” ಅಂದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತ, ಮತ್ತೆ ಮೂಲೆ ಜಗ್ಗಿದ, ಕಳಿಸಿದ. ನಾನು ಗೋಡೆಯ ಸಂದಿನಿಂದ ನೋಡಿದೆ. “ಏ ಮುದುಕ, ನಿನಗ ನಾಚಿಕಿ ಇಲ್ಲೇನು?” ಅಂತ ಕೂಗಿದೆ. “ಹೆಗಲ ಅಷ್ಟ ಸುಧಕ್ಕ, ಮುಖ ಮುಟ್ಟಿಲ್ಲ” ಅಂದ. ಹುಡುಗಿಗೆ ಹೇಳಿದೆ. ಅಷ್ಟರಲ್ಲಿ ಫೋಟೋ ಹಾನಗಲ್ಲು ಮುಟ್ಟಿ, ಅವರು ಭಾನುವಾರ ಬರುತ್ತೇವೆ ಎಂದು ತಿಳಿಸಿಯೂ ಆಗಿತ್ತು.

ಹುಡುಗನ ಫೋಟೋ ಮೊದಲೇ ಬಂದಿತ್ತು. ಹಸನಸಾಬ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ ನನ್ನ ಮುಂದೆ ಹಿಡಿದಿದ್ದ. “ಹುಡುಗ ಇರಲಿ ಬಿಡು, ಕತ್ತರಿಸಿದ್ದ ನೋಡು ಸುಧಕ್ಕ! ಕೂದಲಿನ ಅಂಚ ನೋಡು, ಗದ್ದದ ತಿರುವ ನೋಡು. ಯಾವನೋ ಭಾರೀ ಕಲಾವಿದ ಅದಾನ. ಇಂಥಾ ಕೆಲಸ ಮಾಡ್ಸಿದ ಮನಿತನ ಅಂದ್ರ ಛಲೋನ ಇರ್ತೈತಿ.” ಮದುವೆಗೆ ಕುಲ, ಗುಣ, ಆಸ್ತಿ ನೋಡುವವರನ್ನು ನಾನು ಕಂಡಿದ್ದೇನೆ. ಕಟಿಂಗ್ ನೋಡಿ ಒಪ್ಪಿದವನು ಇವನೊಬ್ಬನೇ.

ಭಾನುವಾರ ಜಾಕೀರ ಮತ್ತು ಅವನ ತಾಯಿ ನೂರಜಹಾನ ಬಂದರು. ಹಸನಸಾಬನ ಮನೆ ಅಂಗಡಿಯ ಹಿಂದೆಯೇ ಇದೆ. ಅವನ ಹೆಂಡತಿ ಇಮಾಮಬಿ ಶಾವಿಗೆ ಖೀರು ಮಾಡಿದ್ದಳು, ಸವಣೂರಿನ ಖಾರಾ ತರಿಸಿದ್ದಳು, ನನ್ನನ್ನೂ ಕರೆದು ಕೂರಿಸಿದ್ದಳು. ಆ ಮನೆಯಲ್ಲಿ ಮಾತು ಉರ್ದು. ಆದರೆ ನಾನಿದ್ದರೆ ಎಲ್ಲರೂ ಕನ್ನಡಕ್ಕೆ ಬರುತ್ತಾರೆ.

ಜಾಕೀರ ಬಾಗಿಲು ದಾಟಿದಾಗ ಮೊದಲು ಒಳಗೆ ಬಂದದ್ದು ಅವನ ಕಿವಿಗಳು. ಕಿವಿ ಅಂದರೆ ಅಂಥ ಕಿವಿ, ಮೊರದ ಹಾಗೆ ಎರಡೂ ಕಡೆ ಬಿಚ್ಚಿಕೊಂಡಿದ್ದವು. ಹಿಂದೆಯೇ ಸಣ್ಣದೊಂದು ಹೊಟ್ಟೆ ಬಂತು. ಮುಖದಲ್ಲಿ ಒಳ್ಳೆಯ ನಗುವಿತ್ತು. ಹಸನಸಾಬ ಬಾಯಿ ತೆರೆದು ಕಿವಿಗಳನ್ನೇ ನೋಡುತ್ತಿದ್ದ. ಅತ್ತ ನೂರಜಹಾನಳ ಕಣ್ಣು ಮದಿಹಾಳ ಹೆಗಲಿನ ಮೇಲೆ ನಿಂತಿತ್ತು. ಇಬ್ಬರೂ ಒಟ್ಟಿಗೇ ಬಾಯಿ ಬಿಟ್ಟರು.

“ಫೋಟೋದಾಗ ಹೆಗಲ ಸಮ ಇತ್ತಲ್ರಿ” ಎಂದಳು ನೂರಜಹಾನ.

“ಫೋಟೋದಾಗ ಕಿವಿ ಇಷ್ಟ ಇರಲಿಲ್ಲಲ್ರಿ” ಎಂದ ಹಸನಸಾಬ.

ಮದಿಹಾ ನೆಲ ನೋಡುತ್ತ ಕೂತಳು. ಅವಳ ಮುಖ ಬಿಳಿಚಿತ್ತು. ಮಗಳ ಮುಖ ನೋಡಿ ಸುಮ್ಮನಾಗಬೇಕಾದ ಅಪ್ಪ ಫೋಟೋದ ಅಂಚಿನ ಮೇಲೆ ಬಿದ್ದ. ಫೋನು ತೆಗೆದು ಜಾಕೀರನ ಫೋಟೋ ಹಿಗ್ಗಿಸಿ, “ಇಲ್ನೋಡ್ರಿ, ಇಲ್ಲಿ ಗೆರಿ ಜಗ್ಗ್ಯಾನ! ಇಲ್ಲಿ ಕಿವಿ ತಗದಾನ! ಹೊಟ್ಟಿ ಒಳಗ ಸರಸ್ಯಾನ! ಯಾವ ಕಳ್ಳ ನನ್ ಮಗ ಮಾಡಿದ್ದಿದು? ಇಂಥಾ ಮೋಸದ ಕೈ ಕಡಿಬೇಕು!” ಎಂದು ಕೂಗಾಡಿದ. ಅವನು ತನ್ನ ಜೀವನದಲ್ಲೇ ಅಷ್ಟು ನ್ಯಾಯವಂತನಾಗಿದ್ದನ್ನು ನಾನು ಕಂಡಿರಲಿಲ್ಲ.

“ನಾವೇನ ಮೋಸ ಮಾಡಿಲ್ರಿ” ಎಂದು ನೂರಜಹಾನಳೂ ಎದ್ದು ನಿಂತಳು. “ರಮಜಾನಿನ ಬ್ಯಾನರಿಗೆ ಮಾಡಿಸಿದ್ದದು. ಛಲೋ ಬಂದೈತಿ ಅಂತ ಅದನ್ನ ಕಳಸಿದ್ವಿ. ಹಾನಗಲ್ಲಿನ ಪ್ರಶಾಂತನ ಅಂಗಡ್ಯಾಗ ಮಾಡಿಸಿದ್ದು, ಬೇಕಾದ್ರ ಅವನ್ನ ಕೇಳ್ರಿ.”

ಇಮಾಮಬಿ ಖೀರಿನ ತಟ್ಟೆ ಹಿಡಿದು ಅಡುಗೆ ಮನೆಯಿಂದ ಬರುತ್ತಿದ್ದಳು. ನಡುವೆಯೇ ನಿಂತು, ಬಹಳ ಸಾದಾ ದನಿಯಲ್ಲಿ, “ಪ್ರಶಾಂತ ಕಳಸೂ ಮುಖ ಎಲ್ಲಾ ಇಲ್ಲೇ ಬರ್ತಾವಲ್ಲ. ಅವನ್ನ ಕತ್ತರಿಸೋದು ನೀನ ಅಲ್ಲೇನು?” ಎಂದಳು.

ಹಸನಸಾಬ ಫೋನನ್ನು ನೋಡಿದ. ಕೂದಲಿನ ಅಂಚು ನೋಡಿದ, ಗದ್ದದ ತಿರುವು ನೋಡಿದ. ಕುರ್ಚಿಯ ಮೇಲೆ ಕೂತ. ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ.

ಆಗ ಜಾಕೀರ ಮೊದಲ ಸಲ ಮಾತಾಡಿದ. “ಚಾಚಾ, ನನ್ನ ಕಿವಿ ಇನ್ನೂ ನಿಮ್ಮ ಹತ್ರ ಅದಾವೇನ್ರಿ?”

ಮದಿಹಾ ಫಕ್ಕನೆ ನಕ್ಕಳು. ನಕ್ಕು ಬಾಯಿ ಮುಚ್ಚಿಕೊಂಡಳು. ನೂರಜಹಾನ ಮಾತ್ರ ನಗಲಿಲ್ಲ. “ಅದಾವಂದ್ರ ತೋರಸ್ರಿ. ಎರಡೂ ಫೋಟೋ ತೋರಸ್ರಿ, ನಿಮ್ಮ ಹುಡುಗೀದೂ ತಗೀರಿ. ನೋಡೇ ಹೋಗೂಣು” ಎಂದು ಅಂಗಡಿಯ ಕಡೆ ನಡೆದಳು. ಖೀರು ಅಲ್ಲೇ ಆರುತ್ತಿತ್ತು, ನಾವೆಲ್ಲ ಹಿಂದೆ ಹೊರಟೆವು.

ಹಸನಸಾಬ ಕಂಪ್ಯೂಟರು ಹಚ್ಚಿ ಜಾಕೀರನ ಮೂಲ ಫೋಟೋ ತೆಗೆದ. ಮಾವಿನ ಬುಟ್ಟಿಗಳ ನಡುವೆ, ಕಿವಿ ಹೊಟ್ಟೆಗಳ ಸಮೇತ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ. “ಇಂವ ನೋಡ್ರಿ ನನ್ನ ಮಗ” ಎಂದಳು ನೂರಜಹಾನ. ಆಮೇಲೆ ಮದಿಹಾಳ ಫೋಟೋ ತೆಗೆಯಬೇಕಾದಾಗ ಅವನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಮದಿಹಾಳೇ ಮುಂದೆ ಬಂದು ಅವನ ಕೈ ಸರಿಸಿ, ಕತ್ತರಿಸಿದ್ದು ಒಂದು ಕಡೆ, ಕತ್ತರಿಸದೆ ಬಿಟ್ಟದ್ದು ಒಂದು ಕಡೆ ಇಟ್ಟಳು.

ನೂರಜಹಾನ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. “ಎಡಗಡೆ ಹೆಗಲ ಎರಡರಾಗೂ ಒಂದ ನಮೂನಿ ಐತೆಲ್ಲ. ಇದರಾಗ ಬಲಗಡೇದ ಎಲ್ಲಿ ಹೋತು?”

ಅಲ್ಲಿಯವರೆಗೆ ನಾನೂ ಅದನ್ನು ಯೋಚಿಸಿರಲಿಲ್ಲ. ಗೆರೆ ಎಷ್ಟು ಜಗ್ಗಿದರೂ ಇಲ್ಲದ್ದನ್ನು ತಂದು ಕೂಡಿಸಲಾರದು, ಇದ್ದದ್ದನ್ನು ಬಿಡಬಲ್ಲದು, ಅಷ್ಟೇ. ಇಳಿದ ಹೆಗಲನ್ನು ಮೇಲೆತ್ತುವ ದಾರಿ ಅವನಿಗಿರಲಿಲ್ಲ. ಹಾಗಾಗಿ ಇಷ್ಟು ವರ್ಷ ಅವನು ಇನ್ನೊಂದು ಹೆಗಲನ್ನು ಇಳಿದದ್ದರ ಅಳತೆಗೆ ಕತ್ತರಿಸುತ್ತ ಬಂದಿದ್ದ.

ಮದಿಹಾ ಅಪ್ಪನ ಕಡೆ ತಿರುಗಿದಳು. “ಏಣಿಯಿಂದ ಬಿದ್ದದ್ದು ನನಗ ಯಾವತ್ತೂ ದೊಡ್ಡದನಸಲಿಲ್ಲ ಅಬ್ಬಾ. ನೀ ಬ್ಯಾಡ ಅಂದ ಹೋಗಿದ್ದಿ, ನಾನ ಏರಿದೆ. ಆದ್ರ ಬಿದ್ದ ಹೆಗಲ ಎತ್ತಾಕ ಆಗಲಿಲ್ಲ ಅಂತ ನೀ ನನ್ನ ನೆಟ್ಟನ ಹೆಗಲನ್ನ ಕತ್ತರಿಸ್ಕೋತ ಬಂದೀಯಲ್ಲ, ಅದ ನೋಯ್ತೈತಿ.”

ಹಸನಸಾಬ ಅಳುವ ಗಂಡಸಲ್ಲ, ಬೈಯುವ ಗಂಡಸು. ಆವತ್ತು ಬೈಗುಳವೂ ಬರಲಿಲ್ಲ. “ಚಹಾ ಕುಡ್ಯಾಕ ಇಳದಿದ್ದೆ ನೋಡ್ರಿ” ಎಂದು ನೂರಜಹಾನಳಿಗೆ ಹೇಳತೊಡಗಿದವನು ಟವೆಲ್ಲಿನಿಂದ ಪರದೆಯನ್ನು ಒರೆಸಿದ. ಪರದೆಯ ಮೇಲೆ ಧೂಳೇನೂ ಇರಲಿಲ್ಲ. ಅವನ ಮೇಲಿದ್ದ ಸಿಟ್ಟೆಲ್ಲ ನನಗೆ ಇಳಿದುಹೋಯಿತು, ಪಾಪ ಅನಿಸಿತು.

ನೂರಜಹಾನ ಸೆರಗು ಸರಿ ಮಾಡಿಕೊಂಡಳು. ಮಗನ ಮುಖ ನೋಡಿದಳು. ಮಗ ಮದಿಹಾಳನ್ನು ನೋಡುತ್ತಿದ್ದ, ಮದಿಹಾ ಮಾವಿನ ಬುಟ್ಟಿಗಳ ಫೋಟೋ ನೋಡುತ್ತಿದ್ದಳು. ತಾಯಿಗೆ ಅಷ್ಟು ಸಾಕಾಯಿತು.

“ಹಾನಗಲ್ಲಾಗ ನಮ್ಮ ಭಾವ ಅದಾರ, ಅತ್ತಿ ಅದಾರ. ಅವರಿಗೆ ಹುಡುಗೀನ ತೋರಸಬೇಕು” ಎಂದಳು. “ಕತ್ತರಿಸಿದ್ದ ಬ್ಯಾಡ್ರಿ. ಈ ಕಡೇದು, ಪೂರಾ ಇರೂದು ಕೊಡ್ರಿ.”

ಹಸನಸಾಬ ಮೌಸು ಹಿಡಿದ. ಪೂರಾ ಇದ್ದ ಫೋಟೋದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದ. ಒತ್ತಲಿಲ್ಲ. ಇಷ್ಟು ವರ್ಷ ಊರಿನವರ ಕಿವಿ, ಗದ್ದ, ಹೊಟ್ಟೆಗಳನ್ನು ಯಾರನ್ನೂ ಕೇಳದೆ ತೆಗೆದ ಮನುಷ್ಯ ಮಗಳ ಕಡೆ ತಲೆಯೆತ್ತಿ ಕೇಳಿದ.

“ಬೇಟಿ, ಕಳಸ್ಲೇನು?”

“ಕಳಸು” ಎಂದಳು ಮದಿಹಾ.